ದೀಪದ ಮುಂದೆ ಕೇಳಿದ ಆರನೆಯ ಹೆಸರು

ಅಮ್ಮ ಸಾಯುವ ದಿನ ನನ್ನ ತಮ್ಮನನ್ನು ಮೂರು ಸಲ ಕರೆದಳು. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ, ಮಧ್ಯಾಹ್ನ ಗಂಜಿ ಕುಡಿಸುವಾಗ ಒಂದು ಸಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ. ಫೋನ್ ನನ್ನ ಸೊಂಟದಲ್ಲೇ ಇತ್ತು. ನಾನು ಅವನಿಗೆ ತಿಳಿಸಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಆಮೇಲೆ ಬರೆಯೋಣ ಎಂದುಕೊಂಡರೆ ನನ್ನ ಕೈ ಮತ್ತೆ ಹಿಂದೆ ಸರಿಯುತ್ತದೆ.

ನಾನು ಓದಿದ್ದು ಆರನೇ ಕ್ಲಾಸು. ಓದಿಲ್ಲದವರು ಎಲ್ಲವನ್ನೂ ನಂಬುತ್ತಾರೆ ಎಂದು ಜನ ತಿಳಿದಿರುತ್ತಾರೆ. ನಾನು ಏನನ್ನೂ ನಂಬುತ್ತಿರಲಿಲ್ಲ. ಶಕುನ, ದೃಷ್ಟಿ, ಮೈಮೇಲೆ ಬರುವುದು ಯಾವುದನ್ನು ಹೇಳಿದರೂ ನಗುತ್ತಿದ್ದೆ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಆದರೆ ಆ ಶುಕ್ರವಾರ ಸಂಜೆಯನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಜುಂ ಎನ್ನುತ್ತದೆ, ಎದ್ದು ನಾಲ್ಕು ಹೆಜ್ಜೆ ಓಡಾಡದೆ ಕೂರಲು ಆಗುವುದಿಲ್ಲ.

ನನ್ನ ತಮ್ಮನ ಶಾಲೆಯ ಹೆಸರು ರಂಗಸ್ವಾಮಿ. ಹುಟ್ಟಿದಾಗ ಇಟ್ಟ ಹೆಸರು ತಿಪ್ಪ. ಅವನಿಗಿಂತ ಮೊದಲು ಅಮ್ಮನಿಗೆ ಎರಡು ಗಂಡುಮಕ್ಕಳು ಹುಟ್ಟಿ ಹೋಗಿದ್ದವು. ಹಾಗಾಗಿ ಇವನನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು, ಆ ಹೆಸರಿಟ್ಟರು. ಬೇಡದ ಮಗು ಎಂದುಕೊಂಡು ಸಾವು ಮುಂದೆ ಹೋಗಲಿ ಎಂದು. ಅವನು ದೊಡ್ಡವನಾದ ಮೇಲೆ ಯಾರಾದರೂ ತಿಪ್ಪ ಎಂದರೆ ಕಲ್ಲು ಹುಡುಕುತ್ತಿದ್ದ. ಅಮ್ಮ ಒಬ್ಬಳಿಗೆ ಮಾತ್ರ ಆ ಹೆಸರಿನ ಹಕ್ಕು ಉಳಿಯಿತು. ಅಮ್ಮನ ಹೆಸರು ಸಾಕಮ್ಮ.

ಪದ್ಮನಾಭನಗರದ ನನ್ನ ಮನೆಯಲ್ಲಿ ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ನನ್ನ ಯಜಮಾನರು ಆಗಲೇ ತೀರಿಕೊಂಡಿದ್ದರು. ಅಮ್ಮನನ್ನು ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ನಾನೇ. ತಮ್ಮ ಕೆಂಗೇರಿ ಕಡೆ ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದ. ತಿಂಗಳಿಗೊಮ್ಮೆ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರೆ ಅಮ್ಮನ ಮುಖ ತೊಳೆದ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ನನ್ನನ್ನು ಕಂಡರೆ ಮಾತ್ರ, ಗಂಜಿ ಬಿಸಿ, ನೀರು ತಣ್ಣಗೆ ಎಂಬ ದೂರು. ಕೊನೆಯ ದಿನವೂ, ಪಕ್ಕದಲ್ಲೇ ಕೂತ ನನ್ನ ಕೈ ಹಿಡಿದುಕೊಂಡು ಅವನ ಹೆಸರು ಹಿಡಿದು ಕರೆದಳು. ನನಗೆ ಹೊಟ್ಟೆ ಉರಿಯಿತು. ಒಂದು ದಿನ ಅವನಿಗಾಗಿ ಕಾಯಲಿ ಎಂದುಕೊಂಡೆ. ಸಂಜೆ ಏಳಕ್ಕೆ ಅಮ್ಮ ಹೋದಳು. ಆಮೇಲೆ ಫೋನ್ ಮಾಡಿದೆ.

ಸೋದರಮಾವ ಮೊದಲು ಬಂದವನು, "ರಂಗ ಎಲ್ಲಿ?" ಎಂದ.

"ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ ಮಾವ. ಸ್ವಿಚ್ಡ್ ಆಫ್ ಬರ್ತಿತ್ತು."

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ತಮ್ಮ ಬಣ್ಣ ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದ. ಅಮ್ಮನ ಹೆಣದ ಮುಂದೆ ಎಲ್ಲರೂ ಕೇಳುವಂತೆ ಮಾವ, "ಹೆತ್ತೋಳು ಉಸಿರು ಬಿಡ್ತಾ ಇದ್ರೂ ಫೋನ್ ಆಫ್ ಮಾಡ್ಕೊಂಡು ಕೂತಿದ್ಯೇನೋ? ಥೂ!" ಎಂದ. ತಮ್ಮ ಜೇಬಿನಿಂದ ಫೋನ್ ತೆಗೆದು ನೋಡಿದ. ನನ್ನ ಮುಖ ನೋಡಿದ. ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಹನ್ನೊಂದನೇ ದಿನದ ಊಟಕ್ಕೆ ಶಾಮಿಯಾನದ ಹೊರಗೆ ನಿಂತಿದ್ದು ಹೋದವನು ಮತ್ತೆ ನನ್ನ ಮನೆಗೆ ಬರಲಿಲ್ಲ. ಗಿರಿನಗರದಲ್ಲಿ ಅವನು, ಪದ್ಮನಾಭನಗರದಲ್ಲಿ ನಾನು. ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ಆರು ವರ್ಷ ಒಬ್ಬರನ್ನೊಬ್ಬರು ನೋಡಲಿಲ್ಲ.

ಆ ನಡುವೆ ನನಗೆ ಜಯನಗರ ಏಳನೇ ಬ್ಲಾಕಿನಲ್ಲಿ ಒಂದು ಮನೆಗೆಲಸ ಸಿಕ್ಕಿತು. ಮಿಲ್ಕಾ ಆಂಟಿ ಎಂದು, ಎಂಬತ್ತು ದಾಟಿದವರು. ಗಂಡನ ಕೆಲಸಕ್ಕೆಂದು ಮುಂಬೈ ಕಡೆಯಿಂದ ಬಂದು ಇಲ್ಲೇ ನೆಲೆಯಾದವರು. ಕನ್ನಡ ಚೆನ್ನಾಗಿ ಆಡುತ್ತಿದ್ದರು. ಐವತ್ತು ದಾಟಿದ ನನ್ನನ್ನು "ಏ ಹುಡುಗಿ" ಎನ್ನುತ್ತಿದ್ದರು. ಅವರು ಯೆಹೂದಿಗಳು ಎಂಬುದು ನನಗೆ ಮೊದಲ ತಿಂಗಳು ಗೊತ್ತೇ ಆಗಲಿಲ್ಲ. ಬಾಗಿಲ ಚೌಕಟ್ಟಿಗೆ ಓರೆಯಾಗಿ ಬೆರಳುದ್ದದ ಒಂದು ಡಬ್ಬಿ ಬಡಿದಿದ್ದರು. ಹಬ್ಬದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವವಳು, ಇದೇನೋ ಇವರ ದೇವರಿರಬೇಕು ಎಂದು ಅದಕ್ಕೂ ಇಟ್ಟುಬಿಟ್ಟೆ. ಆಂಟಿ ಹೊರಗೆ ಬಂದು ನೋಡಿ ಬಿದ್ದು ಬಿದ್ದು ನಕ್ಕರು.

"ದೇವರಲ್ಲ ಹುಡುಗಿ, ಮೆಜುಜಾ. ಒಳಗೆ ಚರ್ಮದ ಮೇಲೆ ಬರೆದ ಪ್ರಾರ್ಥನೆ ಇದೆ. ಶೆಮಾ ಅಂತ ಶುರುವಾಗುತ್ತೆ. ಶೆಮಾ ಅಂದ್ರೆ ಕೇಳು."

"ಯಾರು ಕೇಳ್ಬೇಕು ಆಂಟಿ?"

"ನಾವೇ. ದೇವರು ಕೇಳಿಸ್ಕೊಳ್ಳಲ್ಲ ಅಂತ ಎಲ್ಲರೂ ಗೋಳಾಡ್ತಾರೆ. ಇದು ನಮಗೇ ಹೇಳೋದು, ಸ್ವಲ್ಪ ಕಿವಿ ಕೊಡು ಅಂತ."

ಅವರ ಹಿರಿಯರ ಹಡಗು ಕೊಂಕಣದ ತೀರದಲ್ಲಿ ಒಡೆಯಿತಂತೆ. ಪುಸ್ತಕಗಳೆಲ್ಲ ಸಮುದ್ರದ ಪಾಲು. ಬದುಕಿ ದಡ ಸೇರಿದವರಿಗೆ ಬಾಯಲ್ಲಿ ಉಳಿದದ್ದು ಆ ಶೆಮಾ ಒಂದೇ. ಆಮೇಲೆ ಗಾಣದ ಎಣ್ಣೆ ತೆಗೆದು ಬದುಕಿದರಂತೆ. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ, ಅದು ಅವರ ವಿಶ್ರಾಂತಿಯ ದಿನ, ಶಬ್ಬಾತ್. ಆಂಟಿ ಇದನ್ನೆಲ್ಲ ಅವರೆಕಾಳು ಸುಲಿಯುತ್ತಾ ಹೇಳುತ್ತಿದ್ದರು. ಇನ್ನೊಂದು ಮಾತು ನನಗೆ ತುಂಬ ಹಿಡಿಸಿತು. ದೇವರ ನಿಜವಾದ ಹೆಸರನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಪ್ರಾರ್ಥನೆಯಲ್ಲಿ ಅದೊನಾಯ್, ಅಂದರೆ ಒಡೆಯ, ಎನ್ನುತ್ತಾರೆ. ಮಾತಿನಲ್ಲಿ ಹಾಶೆಮ್ ಎನ್ನುತ್ತಾರೆ. ಹಾಗೆಂದರೆ 'ಆ ಹೆಸರು' ಎಂದಷ್ಟೇ ಅರ್ಥ. ನನಗೆ ಅಮ್ಮನ ನೆನಪಾಯಿತು. ಅಮ್ಮ ಒಂದು ದಿನವೂ ಅಪ್ಪನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನ ಆಫೀಸಿನಲ್ಲಿ ಕೇಳಿದರೆ ನನ್ನನ್ನು ಮುಂದಕ್ಕೆ ತಳ್ಳಿ ಹೇಳಿಸುತ್ತಿದ್ದಳು. ನಾನೂ ಒಂದು ಹೆಸರನ್ನು ಆರು ವರ್ಷದಿಂದ ಬಾಯಿಗೆ ತಂದಿರಲಿಲ್ಲ. ಆದರೆ ಅದು ಭಕ್ತಿಯಿಂದಲ್ಲ.

ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಆಂಟಿ ಎರಡು ಗಾಜಿನ ಲೋಟಗಳಲ್ಲಿ ಎಣ್ಣೆ ಹಾಕಿ ದೀಪ ಹಚ್ಚುತ್ತಿದ್ದರು. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಿದ್ದರು. ಆಮೇಲೆ ಹುಷಾರಿಲ್ಲದವರ ಹೆಸರುಗಳನ್ನು ಹೇಳುತ್ತಿದ್ದರು. ಐದು ಹೆಸರು. ಒಂದು ಪುಟ್ಟ ಪುಸ್ತಕದಲ್ಲಿ ಬಲದಿಂದ ಎಡಕ್ಕೆ ಹೋಗುವ ಹೀಬ್ರೂ ಅಕ್ಷರದಲ್ಲಿ ಬರೆದಿಟ್ಟಿದ್ದರು. ಪ್ರತಿ ಹೆಸರಿನ ಜೊತೆಗೂ ಅವರ ತಾಯಿಯ ಹೆಸರು ಬರುತ್ತಿತ್ತು. ಗಂಡಾದರೆ ನಡುವೆ ಬೆನ್ ಎನ್ನಬೇಕು, ಮಗ. ಹೆಣ್ಣಾದರೆ ಬತ್, ಮಗಳು.

"ಅಪ್ಪನ ಹೆಸರು ಯಾಕಿಲ್ಲ ಆಂಟಿ?"

"ಮದುವೆಗೆ ಅಪ್ಪನ ಹೆಸರೇ. ಸತ್ತ ಮೇಲೆ ಕಲ್ಲಿನ ಮೇಲೂ ಅಪ್ಪನ ಹೆಸರೇ. ಕಾಯಿಲೆ ಬಿದ್ರೆ ಮಾತ್ರ ಅಮ್ಮಂದು. ಜ್ವರ ಬಂದಾಗ ಎದ್ದು ಕೂರೋಳು ಯಾರು ಹೇಳು?"

ಐದರಲ್ಲಿ ಒಂದು ಹೆಸರಿನ ಮಧ್ಯೆ ಹಾಯಿಮ್ ಎಂದು ಸೇರಿಸುತ್ತಿದ್ದರು. ಆ ಹೆಸರಿನವನು ಅವರ ತಂಗಿಯ ಮಗ. ಹಾಯಿಮ್ ಎಂದರೆ ಜೀವ. ಕಾಯಿಲೆ ಕೈಮೀರಿದಾಗ ಹೊಸ ಹೆಸರು ಸೇರಿಸುವುದು ಅವರ ಪದ್ಧತಿ. "ಸಾವಿನ ದೂತ ಹೆಸರು ಹಿಡ್ಕೊಂಡು ಹುಡುಕ್ತಾ ಬರ್ತಾನೆ. ಹೆಸರೇ ಬೇರೆ ಆಗಿದ್ರೆ, ಅಡ್ರೆಸ್ ತಪ್ಪು ಅಂತ ವಾಪಸ್ ಹೋಗ್ತಾನೆ. ಪಾಪ, ಅವನಿಗೂ ಆಫೀಸ್ ಕೆಲಸ ತಾನೆ?" ಎಂದು ನಕ್ಕರು. ನಮ್ಮಲ್ಲೂ ಹೀಗೇ ಇದೆ ಆಂಟಿ, ತಿಪ್ಪೆಯ ಮೇಲೆ ಮಲಗಿಸುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ತಮ್ಮನ ಹೆಸರು ಬರುತ್ತದೆ. ಬಾಯಿ ಮುಚ್ಚಿಕೊಂಡೆ. ಇದು ನನಗೆ ಚೆನ್ನಾಗಿ ನೆನಪಿದೆ. ಆಂಟಿ, "ನಿಮ್ಮ ಕಡೆ ಯಾರಿಗಾದ್ರೂ ಹುಷಾರಿಲ್ವಾ? ಹೇಳು, ಸೇರಿಸ್ತೀನಿ" ಎಂದು ಕೇಳಿದಾಗಲೂ, "ನಂಗ್ಯಾರೂ ಇಲ್ಲ ಆಂಟಿ, ನಾನೊಬ್ಬಳೇ ಹುಟ್ಟಿದ್ದು" ಎಂದೆ. ಅಮ್ಮನ ಹೆಸರನ್ನೂ ಆ ಮನೆಯಲ್ಲಿ ನಾನು ಹೇಳಿರಲಿಲ್ಲ. ಕೆಲಸಕ್ಕೆ ಸೇರುವಾಗ ಕೊಟ್ಟ ಆಧಾರ್ ಕಾರ್ಡಿನಲ್ಲಿ ಇದ್ದದ್ದು ಯಜಮಾನರ ಹೆಸರು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಆಕಾಶ ಇನ್ನೂ ಬೆಳ್ಳಗಿತ್ತು. ಎದುರು ಮನೆಯ ಮಕ್ಕಳು ರಸ್ತೆಯಲ್ಲಿ ಶಟಲ್ ಆಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಒಗೆದ ಬಟ್ಟೆ ಮಡಚುತ್ತಾ ನಿಂತಿದ್ದೆ. ಆಂಟಿ ದೀಪ ಹಚ್ಚಿದರು, ಕಣ್ಣು ಮುಚ್ಚಿಕೊಂಡರು, ಹೆಸರು ಹೇಳತೊಡಗಿದರು. ವಾರ ವಾರ ಕೇಳಿ ಕೇಳಿ ಐದೂ ಹೆಸರು ನನಗೆ ಬಾಯಿಪಾಠವಾಗಿತ್ತು. ಐದನೆಯದು ಮುಗಿಯಿತು. ಅಲ್ಲಿಗೆ ಅವರು ಕೈ ಇಳಿಸಬೇಕು. ಇಳಿಸಲಿಲ್ಲ. ಅದೇ ದನಿಯಲ್ಲಿ, ಅದೇ ರಾಗದಲ್ಲಿ, ಒಂದು ಚೂರೂ ತಡವರಿಸದೆ ಹೇಳಿದರು:

"ತಿಪ್ಪ ಹಾಯಿಮ್ ಬೆನ್ ಸಾಕಮ್ಮ."

ಮತ್ತೊಮ್ಮೆ ಹೇಳಿದರು. ಮೂರನೆಯ ಸಲವೂ ಹೇಳಿದರು.

ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಅವರು ಕೈ ಇಳಿಸಿ ಎಂದಿನಂತೆ "ಶಬ್ಬಾತ್ ಶಾಲೋಮ್" ಎಂದು ಹರಸಿದರು.

"ಆಂಟಿ, ಈಗ ಏನಂದ್ರಿ?"

"ಏನಂದೆ? ವಾರಾ ವಾರಾ ಹೇಳೋದೇ."

"ಕೊನೇದು. ಐದಾದ್ಮೇಲೆ ಇನ್ನೊಂದು ಹೇಳಿದ್ರಲ್ಲ."

"ಇರೋದೇ ಐದು ಹುಡುಗಿ. ಬೇಕಾದ್ರೆ ಬುಕ್ ನೋಡ್ಕೋ."

"ತಿಪ್ಪ ಹಾಯಿಮ್ ಅಂದ್ರಿ. ಸಾಕಮ್ಮ ಅಂದ್ರಿ. ಮೂರು ಸಲ ಅಂದ್ರಿ ಆಂಟಿ!"

ಆಂಟಿ ನನ್ನನ್ನು ದಿಟ್ಟಿಸಿ ನೋಡಿದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. "ಯಾರದು ತಿಪ್ಪ?" ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಒಬ್ಬಳೇ ಹುಟ್ಟಿದ್ದು ಎಂದ ಸುಳ್ಳಿನಿಂದ ಹಿಡಿದು ಫೋನಿನ ಸುಳ್ಳಿನ ತನಕ. ಆಂಟಿ ಬಯ್ಯಲಿಲ್ಲ. ದೀಪ ಹಚ್ಚಿದ ಮೇಲೆ ಮಾರನೆಯ ದಿನ ಕತ್ತಲಾಗುವವರೆಗೂ ಅವರು ಲೈಟಿನ ಸ್ವಿಚ್ಚನ್ನೂ ಒತ್ತುವವರಲ್ಲ, ಫೋನನ್ನಂತೂ ಮುಟ್ಟಿದ್ದನ್ನು ನಾನು ನೋಡೇ ಇಲ್ಲ. ಅಂಥವರು ಕೋಲೂರಿಕೊಂಡು ಹೋಗಿ, ಫ್ರಿಜ್ಜಿನ ಮೇಲಿದ್ದ ನನ್ನ ಫೋನ್ ತೆಗೆದುಕೊಂಡು ಬಂದು ನನ್ನ ಕೈಗೆ ತುರುಕಿದರು.

"ಆಂಟಿ, ನೀವು ಇವತ್ತು ಇದನ್ನ..."

"ಜೀವದ ಪ್ರಶ್ನೆ ಬಂದ್ರೆ ಮುರಿಬಹುದು. ಮುರಿಬೇಕು. ಹಾಯಿಮ್ ಅಂತ ಸುಮ್ನೆ ಸೇರ್ಸಲ್ಲ ನಾವು. ಮಾಡು ಫೋನು!"

ಅವನ ನಂಬರನ್ನು ನಾನು ಅಳಿಸಿ ಆರು ವರ್ಷವಾಗಿತ್ತು. ಆದರೆ ಬೆರಳು ತಾನಾಗಿಯೇ ಒತ್ತಿತು. ಅಮ್ಮ ಸತ್ತ ದಿನ ಪೂರ್ತಿ ನಾನು ಆ ನಂಬರನ್ನು ನೋಡುತ್ತಾ ಕೂತಿದ್ದವಳು, ಹೇಗೆ ಮರೆಯಲಿ? ಎರಡೇ ರಿಂಗಿಗೆ ಫೋನ್ ಎತ್ತಿದಳು ಅವನ ಹೆಂಡತಿ ಸುಧಾ. ನನ್ನ ದನಿ ಕೇಳಿದವಳೇ ಅಳತೊಡಗಿದಳು. "ಅಕ್ಕಾ, ನಿಮ್ಗೆ ಯಾರು ಹೇಳಿದ್ರು? ಮಧ್ಯಾಹ್ನ ಬಣ್ಣ ಹೊಡಿಯೋಕೆ ಕಟ್ಟಿದ್ದ ಬೊಂಬಿನ ಮೇಲಿಂದ ಬಿದ್ಬಿಟ್ರು ಅಕ್ಕಾ. ತಲೆಗೆ ಏಟಾಗಿದೆ. ಐಸಿಯುನಲ್ಲಿ ಇದಾರೆ. ಎಚ್ಚರ ಇಲ್ಲ."

ಆಸ್ಪತ್ರೆ ಇದ್ದದ್ದು ಜಯನಗರದಲ್ಲೇ. ಆಂಟಿಯ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಬಾಗಿಲು ದಾಟುವಾಗ ನನಗೇ ತಿಳಿಯದಂತೆ ಆ ಮೆಜುಜಾ ಡಬ್ಬಿಯನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡೆ, ಆಂಟಿ ದಿನಾ ಮಾಡುವ ಹಾಗೆ.

ಅವನ ತಲೆಗೆಲ್ಲ ಪಟ್ಟಿ ಸುತ್ತಿದ್ದರು. ಕಿವಿಯ ಹಿಂದೆ ನೀಲಿ ಬಣ್ಣದ ಒಂದು ಹನಿ ಒಣಗಿ ಅಂಟಿಕೊಂಡಿತ್ತು. ಬಗ್ಗಿ "ತಿಪ್ಪ" ಎಂದೆ. ಅಷ್ಟೇ ಹೇಳಲು ಆದದ್ದು. ಹೊರಗೆ ಬಂದರೆ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಸುಧಾ ಕೇಳಿದಳು, "ತಿಪ್ಪ ಅಂದ್ರೆ ಯಾರಕ್ಕಾ?" ಸೊಸೆಯ ಮುಂದೆ ಅಮ್ಮನೂ ಅವನನ್ನು ರಂಗ ಎಂದೇ ಕರೆಯುತ್ತಿದ್ದಳು; ಹನ್ನೆರಡು ವರ್ಷ ಸಂಸಾರ ಮಾಡಿದವಳಿಗೂ ಆ ಹೆಸರು ಗೊತ್ತಿರಲಿಲ್ಲ! ಮಾವನೂ ಬಂದಿದ್ದ. ನನ್ನ ತಲೆ ಸವರಿ, "ಅವನು ಅಂಥಾ ಕೆಲಸ ಮಾಡಿದ್ರೂ ಓಡಿ ಬಂದ್ಯಲ್ಲಮ್ಮ. ದೊಡ್ಡ ಮನಸ್ಸು ನಿಂದು" ಎಂದ. ನಾನು ಆ ಹೊಗಳಿಕೆಯನ್ನೂ ಸುಮ್ಮನೆ ತೆಗೆದುಕೊಂಡೆ. ಇದು ನನ್ನ ಎರಡನೆಯ ತಪ್ಪು.

ನಾಲ್ಕನೆಯ ದಿನ ಅವನು ಕಣ್ಣು ಬಿಟ್ಟ. ಐದು ವಾರಕ್ಕೆ ಮನೆಗೆ ಬಂದ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತಾನೆ.

ಅವತ್ತಿನಿಂದ ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಮಧ್ಯಾಹ್ನ ಕಣ್ಣು ಹತ್ತಿದಾಗ ನಿದ್ದೆಯಲ್ಲಿ ನಾನೇ ಆ ಹೆಸರನ್ನು ಕನವರಿಸಿ, ಆಂಟಿಯ ಕಿವಿಗೆ ಬಿದ್ದಿರಬಹುದೇ? ಇರಬಹುದು. ಇಲ್ಲವೇ ಆಂಟಿ ಏನೂ ಹೇಳದೆ, ನನ್ನ ತಪ್ಪೇ ನನ್ನ ಕಿವಿಯಲ್ಲಿ ಕೂಗಿರಬಹುದೇ? ಅದೂ ಇರಬಹುದು. ಹಾಗಾದರೆ ಆರು ವರ್ಷದಲ್ಲಿ ಮುನ್ನೂರು ಶುಕ್ರವಾರಗಳಿದ್ದವಲ್ಲ, ಅವನು ಬಿದ್ದ ಶುಕ್ರವಾರವೇ ಏಕೆ? ಜೀವ ಎಂಬ ಆ ಹೆಸರನ್ನು ನಡುವೆ ಸೇರಿಸಿದ್ದು ಏಕೆ? ಆಂಟಿಯನ್ನು ಕೇಳಿದರೆ, "ನನ್ನ ಬಾಯಿಂದ ಹೋಗಿದ್ದು ಐದು. ನಿನ್ನ ಕಿವಿಗೆ ಬಂದಿದ್ದು ಆರು. ನಡುವೆ ಏನಾಯ್ತೋ ಹಾಶೆಮ್‌ಗೆ ಗೊತ್ತು" ಎನ್ನುತ್ತಾರೆ. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ತಮ್ಮ ಓಡಾಡುವಂತಾದ ಮೇಲೆ ಆಂಟಿ ಅವರ ಮನೆಯಲ್ಲೇ ಮಲೀದಾ ಇಟ್ಟುಕೊಂಡರು. ಒಳ್ಳೆಯದಾದರೆ ಅವರು ಮಾಡುವ ಹರಕೆಯ ಪೂಜೆ ಅದು. ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನತುರಿ, ಏಲಕ್ಕಿ ಕಲಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಐದು ಬಗೆಯ ಹಣ್ಣು ಜೋಡಿಸುತ್ತಾರೆ. ಕಷ್ಟದಲ್ಲಿರುವವರ ಮನೆಗೆ ಗುರುತು ಹೇಳದೆ ಬಂದು ಹೋಗುವ ಎಲಿಯಾಹು ಎಂಬ ಪ್ರವಾದಿಯ ಹೆಸರಿನಲ್ಲಿ ಹಾಡುತ್ತಾರೆ. ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಿಂದ ಹಣ್ಣು ತಂದವಳು ನಾನೇ. ಕಿತ್ತಳೆ ಮರೆಯಲಿಲ್ಲ. ಭಾನುವಾರ ಬೆಳಿಗ್ಗೆ ತಮ್ಮ, ಸುಧಾ, ಮಾವ ಮೂವರೂ ಬಂದರು. ತಮ್ಮ ನನ್ನ ಜೊತೆ ಇನ್ನೂ ನೆಟ್ಟಗೆ ಮಾತಾಡಿರಲಿಲ್ಲ. ಅವಲಕ್ಕಿಯ ತಟ್ಟೆಯನ್ನೇ ನೋಡುತ್ತಾ ಕೂತಿದ್ದ.

ಆಂಟಿ ನಡುಗುವ ದನಿಯಲ್ಲಿ ಹಾಡಿದರು. "ಇದನ್ನ ಗಂಡಸರು ಸೇರಿ ಹಾಡ್ಬೇಕು. ಇಲ್ಲಿ ಯಾರಿದಾರೆ, ನಾನೇ ಗಂಡಸು" ಎಂದು ನಗಿಸಿದರು. ಆಮೇಲೆ ಹೇಳಿದರು, "ಈಗ ವಾಸಿಯಾದವನ ಹೆಸರು ಹೇಳಿ ಥ್ಯಾಂಕ್ಸ್ ಹೇಳ್ಬೇಕು. ಎಲ್ಲರೂ ಆಮೆನ್ ಅನ್ಬೇಕು."

"ಆಮೆನ್ ಚರ್ಚಲ್ಲಿ ಹೇಳೋದಲ್ವೇನಮ್ಮ?" ಎಂದ ಮಾವ.

"ಅವರು ನಮ್ಮತ್ರ ಕಲ್ತಿದ್ದು ಸಾರ್. ಹೀಬ್ರೂ ಮಾತು ಅದು. ನೀನು ಹೇಳಿದ್ದು ನಿಜ, ನಾನೂ ಅದಕ್ಕೆ ನಿಲ್ತೀನಿ ಅಂತ ಅರ್ಥ. ಅದಕ್ಕೇ ಸುಳ್ಳಿನ ಮೇಲೆ ಆಮೆನ್ ಅನ್ಬಾರ್ದು." ಇಷ್ಟು ಹೇಳಿ ನನ್ನ ಕಡೆ ತಿರುಗಿದರು. "ಅವತ್ತು ಹೆಸರು ನಾನು ಹೇಳಿದೆ ಅಂತೀಯಲ್ಲ. ಇವತ್ತು ನೀನು ಹೇಳು ಹುಡುಗಿ."

ನಾನು ಎದ್ದು ನಿಂತೆ. ಮೂವರೂ ನನ್ನ ಮಾತಿಗೆ ಆಮೆನ್ ಹೇಳಲು ಕಾದಿದ್ದರು. ನನಗಾದದ್ದು ಬರೀ ಭಯವಲ್ಲ. ಓಡುವ ಬಸ್ಸನ್ನು ಹಿಡಿಯಲು ಹೋಗುವಾಗ ಇರುತ್ತದಲ್ಲ, ಅಂಥ ಒಂದು ರಭಸ.

"ತಿಪ್ಪ, ಸಾಕಮ್ಮನ ಮಗ" ಎಂದೆ. ತಮ್ಮ ಥಟ್ಟನೆ ತಲೆ ಎತ್ತಿದ.

"ತಾಳಿ, ಆಮೆನ್ ಅನ್ಬೇಡಿ ಇನ್ನೂ. ಮಾವ, ಅವತ್ತು ಇವನ ಫೋನ್ ಆನ್ ಇತ್ತು. ನಾನು ಮಾಡ್ಲೇ ಇಲ್ಲ. ನೀವು ಅಷ್ಟು ಜನರ ಮುಂದೆ ಅವನನ್ನ ಬೈದ್ರಲ್ಲ, ನನ್ನ ಬೈಬೇಕಾಗಿತ್ತು. ತಿಪ್ಪ, ಅಮ್ಮ ನಿನ್ನ ಮೂರು ಸಲ ಕರೆದ್ಲು ಕಣೋ. ಮೂರು ಸಲವೂ ನಂಗೆ ಕೇಳಿಸ್ತು. ನಾನೇ ನಿಂಗೆ ಹೇಳ್ಲಿಲ್ಲ. ತಪ್ಪಾಯ್ತು ಕಣೋ. ನನ್ನ ಕ್ಷಮಿಸಿಬಿಡು."